ಹೊಸ ಪಾರ್ಟಿ ಹುಡುಕೋದು ಹೇಗೆ? ಕೆಂಟ್ ಮತ್ತು ಪೀಣ್ಯದ ಸಣ್ಣ ಮಷೀನ್ ಶಾಪ್‌ಗಳಿಂದ ಕಲಿತ ಪಾಠ



ಕಳೆದ ಚಳಿಗಾಲದ ಒಂದು ರಾತ್ರಿ ಎಂಟು ಗಂಟೆಗೆ ನಾವು ನಾಲ್ಕು ಜನ ರೂಂಮೇಟ್‌ಗಳು ಚಿತ್ರಾನ್ನ ಮಾಡಿಕೊಂಡು ಊಟಕ್ಕೆ ಕೂತಿದ್ದೆವು. ಬೆಂಗಳೂರಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ. ನಮ್ಮಲ್ಲೊಬ್ಬನಿಗೆ ಅವನ ಅಪ್ಪನ ಫೋನ್ ಬಂತು. ಅವರದು ಪೀಣ್ಯ 2ನೇ ಹಂತದಲ್ಲಿ ಒಂದು ಸಣ್ಣ ಶೆಡ್. ಎರಡು ಹಳೇ ಲೇತು, ಒಂದು ಸಿಎನ್‌ಸಿ ಟರ್ನಿಂಗ್ ಮಷೀನು, ಸಾಲದಲ್ಲಿ ತಂದ ಒಂದು ವಿಎಂಸಿ, ಐದು ಜನ ಕೆಲಸದವರು. ಹದಿನಾರು ವರ್ಷದಿಂದ ಒಂದೇ ದೊಡ್ಡ ಪಾರ್ಟಿಗೆ ಜಾಬ್ ವರ್ಕ್ ಮಾಡಿಕೊಂಡು ಬಂದವರು. ಆ ಪಾರ್ಟಿ ಈಗ ಅದೇ ಭಾಗಗಳನ್ನು ತನ್ನ ಫ್ಯಾಕ್ಟರಿಯೊಳಗೇ ಮಾಡಿಕೊಳ್ಳಲು ಶುರುಮಾಡಿತ್ತು.

"ವಿಎಂಸಿ ಎರಡು ವಾರದಿಂದ ನಿಂತಿದೆ ಕಣೋ. ಲೋನಿನ ಕಂತು ಮಾತ್ರ ನಿಲ್ಲಲ್ಲ. ನೀನು ಅಷ್ಟು ದೂರ ಹೋಗಿ ಮೆಕ್ಯಾನಿಕಲ್ ಓದ್ತಿದ್ದೀಯಲ್ಲ, ಹೊಸ ಪಾರ್ಟಿ ಹುಡುಕೋದು ಹೇಗೆ ಅಂತ ಸ್ವಲ್ಪ ಹೇಳು" ಅಂದರು.

ಅವನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇರಲಿಲ್ಲ. ಲೋಹ ಹೇಗೆ ಬಾಗುತ್ತೆ, ಎಷ್ಟು ಭಾರಕ್ಕೆ ಮುರಿಯುತ್ತೆ ಅಂತ ನಮಗೆ ಕಲಿಸಿದ್ದಾರೆ. ಆ ಲೋಹವನ್ನು ಕೊರೆಯುವ ಕೆಲಸ ಒಂದು ಶೆಡ್‌ಗೆ ಹೇಗೆ ಬರುತ್ತೆ ಅಂತ ಯಾರೂ ಕಲಿಸಿಲ್ಲ. ಆ ಪ್ರಶ್ನೆ ಹಿಡಿದುಕೊಂಡು ಮುಂದಿನ ಕೆಲವು ತಿಂಗಳು ಸಿಯಾಟಲ್ ಸುತ್ತಮುತ್ತ ನಾವು ನೋಡಿದ್ದು, ಓದಿದ್ದು, ತಪ್ಪು ಮಾಡಿ ಕಲಿತದ್ದು ಈ ಪಾಠದಲ್ಲಿದೆ. ನಮ್ಮ ಬಳಗದಲ್ಲಿ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿ, ಶಿವಮೊಗ್ಗದ ಇಂಥ ಮನೆಗಳಿಂದ ಬಂದವರು ಇನ್ನೂ ಇರಬಹುದು. ಅವರಿಗೆ ಇದು ಉಪಯೋಗಕ್ಕೆ ಬಂದರೆ ಬರೆದದ್ದು ಸಾರ್ಥಕ.

1. ಮೊದಲು ಈ ಊರಿನ ಪರಿಚಯ

ಸಿಯಾಟಲ್ ಅಂದ ಕೂಡಲೇ ನಮ್ಮವರಿಗೆ ಸಾಫ್ಟ್‌ವೇರ್ ನೆನಪಾಗುತ್ತೆ. ಆದರೆ ಊರಿನಿಂದ ದಕ್ಷಿಣಕ್ಕೆ ಹೊರಟು ಟಕ್‌ವಿಲಾ, ರೆಂಟನ್, ಕೆಂಟ್, ಆಬರ್ನ್ ಕಡೆ ಹೋದರೆ ಬೇರೆಯದೇ ಲೋಕ. ಉದ್ದುದ್ದ ಗೋದಾಮುಗಳ ನಡುವೆ, ಬೋರ್ಡ್ ಕೂಡ ಸರಿಯಾಗಿ ಕಾಣದ ಸಣ್ಣ ಸಣ್ಣ ಮಷೀನ್ ಶಾಪ್‌ಗಳು. ಬಾಗಿಲು ತೆರೆದಿದ್ದರೆ ಕೂಲಂಟ್ ವಾಸನೆ ರಸ್ತೆವರೆಗೂ ಬರುತ್ತೆ. ಪೀಣ್ಯದಲ್ಲಿ ಬೆಳೆದ ನಮ್ಮ ಗೆಳೆಯ ಅಲ್ಲಿ ಮೊದಲ ದಿನ ಇಳಿದಾಗ "ಇದು ನಮ್ಮ ಮನೆ ವಾಸನೆ" ಅಂದ.

ಎರಡೂ ಕಡೆ ಈ ಶಾಪ್‌ಗಳು ಹುಟ್ಟಿದ ರೀತಿಯೂ ಹತ್ತಿರ ಹತ್ತಿರ ಒಂದೇ. ಇಲ್ಲಿ 1916ರಲ್ಲಿ ಬೋಯಿಂಗ್ ಕಂಪನಿ ಶುರುವಾಯಿತು. ಇವತ್ತಿಗೂ ರೆಂಟನ್‌ನಲ್ಲಿ 737 ವಿಮಾನ ಜೋಡಿಸುತ್ತಾರೆ, ಆಬರ್ನ್‌ನಲ್ಲಿ ಬಿಡಿಭಾಗಗಳ ದೊಡ್ಡ ಕಾರ್ಖಾನೆ ಇದೆ. 1971–72ರಲ್ಲಿ ಚಂದ್ರನ ಮೇಲೆ ಓಡಾಡಿದ ಮೂರು ರೋವರ್‌ಗಳನ್ನು ಬೋಯಿಂಗ್ ತಯಾರು ಮಾಡಿದ್ದು ಇದೇ ಕೆಂಟ್‌ನಲ್ಲಿ. ನಮ್ಮ ಬೆಂಗಳೂರಿಗೆ 1940ರಲ್ಲಿ ಎಚ್‌ಎಎಲ್, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ದೊಡ್ಡ ಕಾರ್ಖಾನೆ ಎಲ್ಲ ಭಾಗವನ್ನೂ ತಾನೇ ಮಾಡಿಕೊಳ್ಳುವುದಿಲ್ಲ. ಹೊರಗೆ ಕೊಡುತ್ತೆ. ಅಲ್ಲೇ ಕೆಲಸ ಕಲಿತವರಲ್ಲಿ ಧೈರ್ಯ ಇದ್ದವರು ಒಂದು ಲೇತು ಹಾಕಿಕೊಂಡು ಹೊರಗೆ ಬರುತ್ತಾರೆ. ಅವರ ಮೊದಲ ಗಿರಾಕಿ ಸಾಮಾನ್ಯವಾಗಿ ಅವರ ಹಳೆಯ ಕಾರ್ಖಾನೆಯೇ.

ಅಂದರೆ ಮೊದಲನೇ ಗಿರಾಕಿಯನ್ನು ಇವರು ಹುಡುಕಿಕೊಂಡು ಹೋಗಿದ್ದೇ ಇಲ್ಲ. ಪರಿಚಯದಿಂದ ತಾನಾಗಿ ಬಂದದ್ದು. ಕಷ್ಟ ಶುರುವಾಗೋದು ಎರಡನೇ ಗಿರಾಕಿಯನ್ನು ಹುಡುಕುವಾಗ.

2. ಒಬ್ಬನೇ ದೊಡ್ಡ ಗಿರಾಕಿ ಇದ್ದರೆ ಏನಾಗುತ್ತೆ?

ಇದಕ್ಕೆ ಸಿಯಾಟಲ್ ಇತಿಹಾಸಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಬೇಕಿಲ್ಲ. 1967ರಲ್ಲಿ ಈ ಭಾಗದಲ್ಲಿ ಬೋಯಿಂಗ್‌ನ ನೌಕರರು 1 ಲಕ್ಷಕ್ಕೂ ಹೆಚ್ಚಿದ್ದರು. 1971ರ ಏಪ್ರಿಲ್ ಹೊತ್ತಿಗೆ ಅದು 39,000ಕ್ಕಿಂತ ಕೆಳಗಿಳಿಯಿತು. ಊರು ಬಿಡುವ ಕೊನೆಯವರು ದೀಪ ಆರಿಸಿ ಹೋಗಿ ಅನ್ನುವ ಅರ್ಥದ ಒಂದು ದೊಡ್ಡ ಫಲಕವನ್ನು ವಿಮಾನ ನಿಲ್ದಾಣದ ಹತ್ತಿರ ನಿಲ್ಲಿಸಿದ್ದು ಆಗಲೇ. ತೀರ ಹಳೇ ಕಥೆ ಅಂದುಕೊಳ್ಳಬೇಡಿ. ಎರಡು ಭೀಕರ ಅಪಘಾತಗಳ ನಂತರ 2019ರ ಮಾರ್ಚ್‌ನಲ್ಲಿ 737 ಮ್ಯಾಕ್ಸ್ ಹಾರಾಟ ನಿಂತಿತು. 2020ರ ಜನವರಿಯಿಂದ ಮೇ ವರೆಗೆ ಅದರ ಉತ್ಪಾದನೆಯೂ ನಿಂತಿತು, ಅಷ್ಟರಲ್ಲಿ ಕೊರೊನಾ ಬಂತು. 2024ರ ಸೆಪ್ಟೆಂಬರ್ 13ರಿಂದ ಸುಮಾರು 33,000 ಯಂತ್ರ ಕೆಲಸಗಾರರು ಏಳು ವಾರಕ್ಕೂ ಮೀರಿ ಮುಷ್ಕರ ಮಾಡಿದರು. ಅವರ ಬೇಡಿಕೆ ನ್ಯಾಯವಾದದ್ದೇ ಇರಬಹುದು, ಅದು ಬೇರೆ ಚರ್ಚೆ. ಆದರೆ ದೊಡ್ಡ ಕಾರ್ಖಾನೆಯ ಗೇಟು ಮುಚ್ಚಿದರೆ, ಅದಕ್ಕೆ ಸಂಬಂಧವೇ ಇಲ್ಲದ ಆರು ಜನರ ಶಾಪ್‌ನ ಮಷೀನೂ ನಿಲ್ಲುತ್ತೆ.

ಒಂದು ಚಿಕ್ಕ ಲೆಕ್ಕ ಮಾಡೋಣ. ಇದು ಕಾಲ್ಪನಿಕ ಶಾಪ್. ತಿಂಗಳ ವ್ಯಾಪಾರ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಬಾಡಿಗೆ, ಸಂಬಳ, ಕಂತು ಸೇರಿ ಕೆಲಸ ಇರಲಿ ಬಿಡಲಿ ಕೊಡಲೇಬೇಕಾದ್ದು 60. ಕಚ್ಚಾ ಮಾಲು, ಟೂಲು, ಕರೆಂಟು ಸೇರಿ ಕೆಲಸಕ್ಕೆ ತಕ್ಕಂತೆ ಆಗುವ ಖರ್ಚು 30. ಉಳಿಯೋದು 10.

ಈಗ 70 ರೂಪಾಯಿ ಕೆಲಸ ಕೊಡುವ ದೊಡ್ಡ ಪಾರ್ಟಿ ತನ್ನ ಆರ್ಡರನ್ನು ಅರ್ಧ ಮಾಡಿತು. ವ್ಯಾಪಾರ 65ಕ್ಕೆ ಇಳಿಯಿತು. ಮಾಲಿನ ಖರ್ಚು 19.50 ಆಯಿತು, ಆ 60 ಹಾಗೇ ಇದೆ. ನಷ್ಟ 14.50. ಅದೇ ಶಾಪ್‌ನಲ್ಲಿ ಅತಿ ದೊಡ್ಡ ಪಾರ್ಟಿಯ ಪಾಲು 25 ಮಾತ್ರ ಇದ್ದು, ಅದು ಅರ್ಧವಾದರೆ? ವ್ಯಾಪಾರ 87.50, ಮಾಲಿಗೆ 26.25, ಖಾಯಂ ಖರ್ಚು 60. ಲಾಭ 1.25. ಕಷ್ಟವೇ, ಆದರೆ ಬಾಗಿಲು ಹಾಕುವ ಸ್ಥಿತಿ ಅಲ್ಲ.

ಹಾಗಾಗಿ ಹೊಸ ಗಿರಾಕಿ ಅನ್ನೋದು ಹೆಚ್ಚು ದುಡ್ಡು ಮಾಡುವ ಆಸೆ ಮಾತ್ರ ಅಲ್ಲ, ಉಳಿಯುವ ದಾರಿ ಕೂಡ. ಆದರೆ ಕೈತುಂಬ ಕೆಲಸ ಇದ್ದಾಗ ಯಾರಿಗೂ ಹುಡುಕಲು ಪುರುಸೊತ್ತಿಲ್ಲ. ಕೆಲಸ ನಿಂತ ಮೇಲೆ ಹುಡುಕಿದರೆ ಬಾಯಾರಿದಾಗ ಬಾವಿ ತೋಡಿದ ಹಾಗೆ.

3. ನಾವೇ ಗಿರಾಕಿ ಆದಾಗ

ಈ ವಿಷಯ ನಮಗೆ ಪುಸ್ತಕಕ್ಕಿಂತ ಹೆಚ್ಚು ಅರ್ಥವಾದದ್ದು ಒಂದು ಪ್ರಾಜೆಕ್ಟ್‌ನಿಂದ. ನಮಗೆ ಎಂಟು ಅಲ್ಯೂಮಿನಿಯಂ ಬೇರಿಂಗ್ ಹೌಸಿಂಗ್ ಬೇಕಿತ್ತು. ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಸರತಿ ಉದ್ದ ಇತ್ತು. ಸರಿ, ಹೊರಗೆ ಮಾಡಿಸೋಣ ಅಂತ ಡ್ರಾಯಿಂಗ್ ಮಾಡಿ ಹನ್ನೊಂದು ಶಾಪ್‌ಗಳಿಗೆ ಕೊಟೇಶನ್ ಕೇಳಿ ಇಮೇಲ್ ಕಳಿಸಿದೆವು.

ಏಳು ಕಡೆಯಿಂದ ಉತ್ತರವೇ ಇಲ್ಲ. ಒಬ್ಬರು "ಇಷ್ಟು ಚಿಕ್ಕ ಕೆಲಸ ಮಾಡುವುದಿಲ್ಲ" ಅಂತ ಮರ್ಯಾದೆಯಿಂದ ಬರೆದರು. ಇಬ್ಬರು ಬರೀ ರೇಟು ಕಳಿಸಿದರು, ನಮ್ಮ ಬಜೆಟ್‌ನ ಮೂರು ಪಟ್ಟು. ಹನ್ನೊಂದನೆಯವರು ಮಾತ್ರ ರೇಟು ಹೇಳುವ ಮೊದಲು ಎರಡು ಪ್ರಶ್ನೆ ಕೇಳಿದರು.

ಒಂದು: ನೀವು ಎಲ್ಲ ಅಳತೆಗೂ ಅರ್ಧ ಥೌ ಟಾಲರೆನ್ಸ್ ಹಾಕಿದ್ದೀರಿ. ನಿಜವಾಗಿ ಬೇಕಾದದ್ದು ಎಲ್ಲಿ? ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, 25.4 ಮೈಕ್ರಾನ್. ಅರ್ಧ ಥೌ ಅಂದರೆ ಸುಮಾರು 13 ಮೈಕ್ರಾನ್. ಬೇರಿಂಗ್ ಕೂರುವ ರಂಧ್ರಕ್ಕೆ ಅದು ಬೇಕು, ಸರಿ. ಹೊರಗಿನ ಅಂಚಿಗೆ ಯಾಕೆ? ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಒಂದು ಕಡೆ ಹಾಕಿದ್ದು ಎಲ್ಲ ಕಡೆ ಬಂದುಬಿಟ್ಟಿತ್ತು.

ಎರಡು: ಒಳಗಿನ ಪಾಕೆಟ್‌ನ ಮೂಲೆ ಚೂಪಾಗಿ ಇರಲೇಬೇಕಾ? ಮಿಲ್ಲಿಂಗ್ ಕಟರ್ ದುಂಡಗಿರುತ್ತೆ. ಅದು ಒಳಮೂಲೆಯನ್ನು ಚೂಪಾಗಿ ಕೊರೆಯಲು ಆಗೋದೇ ಇಲ್ಲ. ಕಾಲು ಇಂಚು ರೇಡಿಯಸ್ ಕೊಟ್ಟರೆ ದೊಡ್ಡ ಕಟರ್ ಹಾಕಿ ಬೇಗ ಮುಗಿಸಬಹುದು ಅಂತ ಅವರೇ ಬರೆದಿದ್ದರು.

ಡ್ರಾಯಿಂಗ್ ತಿದ್ದಿ ಕಳಿಸಿದೆವು. ರೇಟು ಅರ್ಧಕ್ಕೂ ಕಮ್ಮಿ ಆಯಿತು. ಹೇಳಿದ ದಿನಕ್ಕೆ ಒಂದು ದಿನ ಮೊದಲೇ, ಪ್ರತಿ ರಂಧ್ರದ ಅಳತೆ ಬರೆದ ಒಂದು ಹಾಳೆ ಸಮೇತ, ಎಂಟು ಪೀಸ್ ಬಂದವು.

ಮುಂದೆ ನಡೆದದ್ದೇ ಮುಖ್ಯ. ಬೇಸಿಗೆಯಲ್ಲಿ ನಮ್ಮಲ್ಲೊಬ್ಬಳು ಇಲ್ಲಿನ ಒಂದು ಕಂಪನಿಗೆ ಇಂಟರ್ನ್‌ಶಿಪ್‌ಗೆ ಹೋದಳು. ಅಲ್ಲಿ ಒಂದು ಫಿಕ್ಸ್ಚರ್ ತುರ್ತಾಗಿ ಬೇಕಾಯಿತು, ಯಾರಾದರೂ ಗೊತ್ತಾ ಅಂತ ಮೀಟಿಂಗ್‌ನಲ್ಲಿ ಕೇಳಿದರು. ಅವಳ ಬಾಯಿಂದ ಬಂದದ್ದು ಆ ಹನ್ನೊಂದನೇ ಶಾಪ್‌ನ ಹೆಸರು. ಅವರಿಗೆ ಕೆಲಸ ಸಿಕ್ಕಿತು. ಜಾಹೀರಾತಿಗೆ ಒಂದು ಡಾಲರ್ ಕೂಡ ಖರ್ಚಾಗಲಿಲ್ಲ.

ನಾವು ಈ ಪಾಠದಲ್ಲಿ ಹೇಳಬೇಕಾದ ಒಂದೇ ಮಾತು ಇದು: ಸಣ್ಣ ಮಷೀನ್ ಶಾಪ್‌ಗೆ ಹೊಸ ಕೆಲಸ ತರುವವನು, ಅವರು ಒಂದು ಕಷ್ಟ ಬಿಡಿಸಿದ್ದನ್ನು ಹತ್ತಿರದಿಂದ ನೋಡಿದವನು. ಉಳಿದ ದಾರಿಗಳೆಲ್ಲ ಅಂಥ ಒಬ್ಬನನ್ನು ಹುಟ್ಟಿಸುವ ದಾರಿಗಳು.

4. ಹಾಗಾದರೆ ಚಿಕ್ಕ ಕೆಲಸ ಯಾಕೆ ಬೇಡ ಅಂತಾರೆ?

ಉತ್ತರ ಕೊಡದ ಏಳು ಜನರನ್ನು ಬೈಯ್ಯುವ ಮೊದಲು ಅವರ ಲೆಕ್ಕವನ್ನೂ ನೋಡಬೇಕು. ಮಷೀನ್ ಗಂಟೆಗೆ 100 ಡಾಲರ್ ಅಂತ ಸುಲಭಕ್ಕೆ ಇಟ್ಟುಕೊಳ್ಳಿ. ಪ್ರೋಗ್ರಾಂ ಬರೆದು, ಟೂಲ್ ಜೋಡಿಸಿ, ಮೊದಲ ಪೀಸ್ ಸರಿಮಾಡುವ ಸೆಟಪ್‌ಗೆ 3 ಗಂಟೆ. ಆಮೇಲೆ ಒಂದು ಪೀಸ್‌ಗೆ 12 ನಿಮಿಷ, ಅಂದರೆ 20 ಡಾಲರ್.

ಹತ್ತು ಪೀಸ್ ಆರ್ಡರ್: ಸೆಟಪ್ 300, ಪೀಸ್‌ಗಳಿಗೆ 200, ಒಟ್ಟು 500. ಒಂದಕ್ಕೆ 50 ಡಾಲರ್.

ಇನ್ನೂರು ಪೀಸ್ ಆರ್ಡರ್: ಸೆಟಪ್ 300, ಪೀಸ್‌ಗಳಿಗೆ 4,000, ಒಟ್ಟು 4,300. ಒಂದಕ್ಕೆ 21.50 ಡಾಲರ್.

ಅದೇ ಹತ್ತು ಪೀಸ್ ಎರಡನೇ ಸಲ ಬಂದರೆ: ಪ್ರೋಗ್ರಾಂ, ಫಿಕ್ಸ್ಚರ್ ಎತ್ತಿಟ್ಟಿದ್ದರೆ ಸೆಟಪ್ ಒಂದೇ ಗಂಟೆ. 100 ಮತ್ತು 200 ಸೇರಿ 300. ಒಂದಕ್ಕೆ 30 ಡಾಲರ್.

ಮೂರನೇ ಸಾಲನ್ನು ಗಮನಿಸಿ. ಶಾಪ್‌ನವರಿಗೆ ನಿಜವಾಗಿ ಬೇಕಾದದ್ದು ತಿರುಗಿ ಬರುವ ಕೆಲಸ. ಹಾಗಾಗಿ ಚಿಕ್ಕ ಆರ್ಡರ್ ಬಂದಾಗ ಎಷ್ಟು ಪೀಸ್ ಅನ್ನುವುದರ ಜೊತೆ "ಇದು ವರ್ಷಕ್ಕೆ ಎಷ್ಟು ಸಲ ಬೇಕಾಗಬಹುದು? ಇದನ್ನು ಕಳಿಸಿದವರು ನಾಳೆ ಎಲ್ಲಿರುತ್ತಾರೆ?" ಅಂತಲೂ ಕೇಳಿಕೊಳ್ಳಬೇಕು. ಎಂಟು ಪೀಸ್ ಕೇಳಿದ ಹುಡುಗರು ಎರಡು ವರ್ಷ ಬಿಟ್ಟು ಎಂಟು ನೂರು ಪೀಸ್ ಕೇಳುವ ಕುರ್ಚಿಯಲ್ಲಿ ಕೂತಿರಬಹುದು. ಹಾಗಂತ ಬಂದದ್ದನ್ನೆಲ್ಲ ಒಪ್ಪಿಕೊಂಡರೆ ಶಾಪ್ ಉಳಿಯಲ್ಲ. ವಾರದಲ್ಲಿ ಕೆಲವು ಗಂಟೆ ಇಂಥ ಹೊಸಬರ ಕೆಲಸಕ್ಕೆ ಅಂತ ಎತ್ತಿಟ್ಟರೆ ಸಾಕು.

5. ಕೆಲಸ ಬರುವ ದಾರಿಗಳು

ಹಳೇ ಪರಿಚಯ. ಇಂಜಿನಿಯರ್‌ಗಳು, ಪರ್ಚೇಸ್‌ನವರು ಕೆಲಸ ಬದಲಿಸುತ್ತಲೇ ಇರುತ್ತಾರೆ. ವಿಮಾನ ಕಂಪನಿಯಲ್ಲಿದ್ದವರು ಕೆಂಟ್‌ನ ಬ್ಲೂ ಒರಿಜಿನ್‌ಗೋ, ರೆಡ್‌ಮಂಡ್‌ನಲ್ಲಿ ಉಪಗ್ರಹ ಮಾಡುವ ಸ್ಪೇಸ್‌ಎಕ್ಸ್‌ಗೋ ಹೋಗುವುದುಂಟು. ಹೋಗುವಾಗ ನಂಬಿಕೆಯ ಶಾಪ್‌ನ ನಂಬರನ್ನೂ ಒಯ್ಯುತ್ತಾರೆ. ಹಾಗಾಗಿ ಕಂಪನಿಯ ಜೊತೆಗಿನ ಸಂಬಂಧ ಕಡಿದರೂ ಅಲ್ಲಿದ್ದ ಮನುಷ್ಯರ ಜೊತೆಗಿನ ಸಂಬಂಧ ಕಡಿಯಬಾರದು. ವರ್ಷಕ್ಕೊಮ್ಮೆ ಒಂದು ಫೋನ್, ಅಷ್ಟೇ.

ಪಕ್ಕದ ಶೆಡ್. ಲೇತು ಇರುವವರಿಗೆ ಮಿಲ್ಲಿಂಗ್ ಕೆಲಸ ಬಂದರೆ ಪಕ್ಕದವರಿಗೆ ಕೊಡುತ್ತಾರೆ. ಮಿಲ್ಲಿಂಗ್‌ನವರು ಲೇತಿನ ಕೆಲಸ ಇಲ್ಲಿಗೆ ಕೊಡುತ್ತಾರೆ. ಪೀಣ್ಯದಲ್ಲಿ ಇದು ದಿನನಿತ್ಯದ ಮಾತು, ಕೆಂಟ್‌ನಲ್ಲೂ ಹಾಗೇ. ಮಾಲು ಕತ್ತರಿಸಿ ಕೊಡುವವರು, ಹೀಟ್ ಟ್ರೀಟ್‌ಮೆಂಟ್ ಮಾಡುವವರು, ಅನೋಡೈಸಿಂಗ್‌ನವರು, ಇನ್ಸರ್ಟ್ ಮಾರಲು ಬರುವ ಸೇಲ್ಸ್‌ನವರು, ಇವರಿಗೆಲ್ಲ ಯಾರ ಹತ್ತಿರ ಕೆಲಸ ಜಾಸ್ತಿ ಆಗಿ ಒದ್ದಾಡುತ್ತಿದ್ದಾರೆ ಅಂತ ಗೊತ್ತಿರುತ್ತೆ. "ನಮ್ಮಲ್ಲಿ ಈ ಅಳತೆಯ ಮಷೀನ್ ಖಾಲಿ ಇದೆ" ಅಂತ ಅವರ ಕಿವಿಗೆ ಹಾಕುವುದು ಅತ್ಯಂತ ಅಗ್ಗದ ಪ್ರಚಾರ.

ಬೇರೆ ಉದ್ಯಮ. ವಿಮಾನ ನಿಂತಾಗ ಎಲ್ಲವೂ ನಿಲ್ಲುವುದಿಲ್ಲ. ಇದೇ ಸಿಯಾಟಲ್ ಸುತ್ತ ರೆಂಟನ್‌ನಲ್ಲಿ ಕೆನ್‌ವರ್ತ್ ಲಾರಿ ಕಾರ್ಖಾನೆ ಇದೆ, ಎವರೆಟ್‌ನಲ್ಲಿ ಅಳತೆ ಉಪಕರಣದ ಫ್ಲೂಕ್ ಇದೆ, ಬ್ಯಾಲರ್ಡ್ ಹತ್ತಿರ ಅಲಾಸ್ಕಾಗೆ ಹೋಗುವ ಮೀನುಗಾರಿಕೆ ದೋಣಿಗಳ ತಂಗುದಾಣ ಇದೆ, ಬ್ರೆಮರ್ಟನ್‌ನಲ್ಲಿ ನೌಕಾಪಡೆಯ ಹಡಗುಕಟ್ಟೆ ಇದೆ. ಇವೆಲ್ಲ ಒಂದೇ ತಿಂಗಳಲ್ಲಿ ಬೀಳುವುದು ಅಪರೂಪ. ದೋಣಿಯ ಶಾಫ್ಟ್ ಮತ್ತು ವಿಮಾನದ ಬ್ರಾಕೆಟ್ ಎರಡನ್ನೂ ಮಾಡುವವನು ಸ್ವಲ್ಪ ನೆಮ್ಮದಿಯಾಗಿ ಮಲಗುತ್ತಾನೆ.

ಸರ್ಕಾರ. ಅಮೆರಿಕದ ಕೇಂದ್ರ ಸರ್ಕಾರ ತನ್ನ ಗುತ್ತಿಗೆಯ ಹಣದಲ್ಲಿ 23 ಶೇಕಡಾ ಸಣ್ಣ ಉದ್ಯಮಗಳಿಗೆ ಹೋಗಬೇಕು ಅಂತ ಗುರಿ ಇಟ್ಟುಕೊಂಡಿದೆ. ಅದಕ್ಕೆ ಸರ್ಕಾರದ 'ಸ್ಯಾಮ್' ತಾಣದಲ್ಲಿ ನೋಂದಣಿ ಬೇಕು, ಅದು ಪುಕ್ಕಟೆ. ದುಡ್ಡು ಕೇಳಿ ಬರುವ ಮಧ್ಯವರ್ತಿಗಳನ್ನು ನಂಬಬೇಕಾಗಿಲ್ಲ. ಟೆಂಡರ್ ಓದಲು ಕಲಿಸುವ ಎಪೆಕ್ಸ್ ಆಕ್ಸಿಲರೇಟರ್ ಕಚೇರಿಗಳಿವೆ. ಸಣ್ಣ ಕಾರ್ಖಾನೆಗಳಿಗೆ ಸಲಹೆ ಕೊಡುವ ದೇಶವ್ಯಾಪಿ ಜಾಲದ ಈ ರಾಜ್ಯದ ಕೇಂದ್ರ 'ಇಂಪ್ಯಾಕ್ಟ್ ವಾಷಿಂಗ್ಟನ್'. ನಮ್ಮಲ್ಲಿ ಇದಕ್ಕೆ ಸಮನಾದದ್ದು ಉದ್ಯಮ್ ನೋಂದಣಿ ಮತ್ತು 2016ರಲ್ಲಿ ಶುರುವಾದ ಜೆಮ್ ತಾಣ. ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ಯಮಗಳು ತಮ್ಮ ಖರೀದಿಯ 25 ಶೇಕಡಾ ಕಿರು ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು ಅಂತ ನಿಯಮ ಇದೆ.

ಮೇಳಗಳು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ನಡೆಯುವ ಐಮ್‌ಟೆಕ್ಸ್, ಯಲಹಂಕದ ಏರೋ ಇಂಡಿಯಾ, ಶಿಕಾಗೋದ ಐಎಂಟಿಎಸ್, ಎಲ್ಲ ಕಡೆ ಸಣ್ಣವರೂ ಹೋಗುತ್ತಾರೆ. ಸ್ಟಾಲ್ ಹಾಕುವ ಶಕ್ತಿ ಇಲ್ಲದಿದ್ದರೂ ನೋಡಲು ಹೋಗಿ, ತಮ್ಮ ಕೆಲಸದ ಎರಡು ಪೀಸ್ ಜೇಬಿನಲ್ಲಿಟ್ಟುಕೊಂಡು, ಸರಿಯಾದ ಹತ್ತು ಜನರ ಕೈಗೆ ಕೊಟ್ಟು ತೋರಿಸಿ ಬರಬಹುದು. ನೂರು ವಿಸಿಟಿಂಗ್ ಕಾರ್ಡ್‌ಗಿಂತ ಬರ್ ತೆಗೆದು ನುಣ್ಣಗೆ ಮಾಡಿದ ಒಂದು ಪೀಸ್ ಹೆಚ್ಚು ಮಾತಾಡುತ್ತೆ.

ಆನ್‌ಲೈನ್ ಮಾರುಕಟ್ಟೆ. 2013ರಲ್ಲಿ ಶುರುವಾದ ಝೋಮೆಟ್ರಿಯಂಥ ಕಂಪನಿಗಳು ಗಿರಾಕಿಯಿಂದ ಡ್ರಾಯಿಂಗ್ ತೆಗೆದುಕೊಂಡು, ರೇಟು ತಾವೇ ಕಟ್ಟಿ, ಕೆಲಸವನ್ನು ಶಾಪ್‌ಗಳಿಗೆ ಹಂಚುತ್ತವೆ. ಖಾಲಿ ನಿಂತ ಮಷೀನನ್ನು ಓಡಿಸಲು ಇದು ಒಳ್ಳೆಯದು. ಆದರೆ ಗಿರಾಕಿ ಮಧ್ಯದವರ ಗಿರಾಕಿಯಾಗಿಯೇ ಉಳಿಯುತ್ತಾನೆ, ನಿಮ್ಮ ಹೆಸರು ಅವನಿಗೆ ಗೊತ್ತಾಗಲ್ಲ. ನಾವು ಮೇಲೆ ಹೇಳಿದ "ಹತ್ತಿರದಿಂದ ನೋಡಿದವನು" ಇಲ್ಲಿ ಹುಟ್ಟುವುದು ಕಷ್ಟ. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ ಇಟ್ಟುಕೊಳ್ಳಬೇಕು, ಅದನ್ನೇ ಊಟ ಮಾಡಬಾರದು.

6. ಬಾಗಿಲಿನ ಬೀಗಗಳು

ಪರಿಚಯ ಎಷ್ಟೇ ಇರಲಿ, ಕೆಲವು ಬಾಗಿಲು ಕಾಗದ ಇಲ್ಲದೆ ತೆರೆಯುವುದಿಲ್ಲ. ಸಾಮಾನ್ಯ ಗುಣಮಟ್ಟಕ್ಕೆ ಐಎಸ್‌ಒ 9001. ವಿಮಾನ, ಬಾಹ್ಯಾಕಾಶಕ್ಕೆ ಅದರ ಮೇಲೆ ಇನ್ನಷ್ಟು ನಿಯಮ ಸೇರಿಸಿದ ಎಎಸ್ 9100. ಹೀಟ್ ಟ್ರೀಟ್‌ಮೆಂಟ್, ಲೇಪನದಂಥ ವಿಶೇಷ ಪ್ರಕ್ರಿಯೆಗಳಿಗೆ ನ್ಯಾಡ್‌ಕ್ಯಾಪ್. ಇವು ಕೇಳುವುದು ಹೆಚ್ಚುಕಮ್ಮಿ ಒಂದೇ: ಈ ಪೀಸ್ ಯಾವ ಮಾಲಿನಿಂದ, ಯಾವ ದಿನ, ಯಾವ ಮಷೀನಿನಲ್ಲಿ, ಯಾರು ಮಾಡಿದರು, ಯಾವ ಅಳತೆ ಬಂತು, ಅಳೆದ ಉಪಕರಣವನ್ನು ಯಾವಾಗ ಪರೀಕ್ಷಿಸಿದ್ದು? ಇದಕ್ಕೆಲ್ಲ ಕಾಗದದಲ್ಲಿ ಉತ್ತರ ಇರಬೇಕು. ಪ್ರಮಾಣಪತ್ರ ಕೆಲಸ ತಂದುಕೊಡುವುದಿಲ್ಲ, ಕೊಟೇಶನ್ ಕೇಳುವವರ ಸಾಲಿನಲ್ಲಿ ನಿಲ್ಲಲು ಬಿಡುತ್ತೆ ಅಷ್ಟೆ. ಹಾಗಾಗಿ ಯಾವ ಗಿರಾಕಿಗಾಗಿ ಅಂತ ಗೊತ್ತಿಲ್ಲದೆ ಅದಕ್ಕೆ ದುಡ್ಡು ಸುರಿಯಬಾರದು.

ಇನ್ನೊಂದು ಬೀಗ ನಮಗೇ ತಟ್ಟಿತು. ನೋಡಲು ಬರಬಹುದೇ ಅಂತ ಒಂದು ಶಾಪ್‌ಗೆ ಕೇಳಿದೆವು. ಅವರು ರಕ್ಷಣಾ ಕೆಲಸ ಮಾಡುವವರು. ಐಟಾರ್ ಎಂಬ ಅಮೆರಿಕದ ನಿಯಮದ ಪ್ರಕಾರ ಅಂಥ ಡ್ರಾಯಿಂಗ್‌ಗಳನ್ನು ಇಲ್ಲಿನ ನಾಗರಿಕರು, ಗ್ರೀನ್ ಕಾರ್ಡ್ ಇರುವವರಂಥವರಿಗೆ ಮಾತ್ರ ತೋರಿಸಬಹುದು. ವಿದ್ಯಾರ್ಥಿ ವೀಸಾದವರಿಗೆ ಅನುಮತಿ ಇಲ್ಲದೆ ತೋರಿಸಿದರೆ ಅದನ್ನು ರಫ್ತು ಅಂತಲೇ ಲೆಕ್ಕ ಹಾಕುತ್ತಾರೆ. ಬೇಜಾರಾಯಿತು ನಿಜ. ಆದರೆ ಇಂಟರ್ನ್‌ಶಿಪ್ ಹುಡುಕುವ ತಂಗಿ ತಮ್ಮಂದಿರು ಇದನ್ನು ಮೊದಲೇ ತಿಳಿದುಕೊಂಡರೆ ಸಮಯ ಉಳಿಯುತ್ತೆ.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕೆಂಟ್ ಮತ್ತು ಕರ್ನಾಟಕ ಈಗ ಬೇರೆ ಬೇರೆ ಲೋಕಗಳಲ್ಲ. ಬೆಳಗಾವಿ ಹತ್ತಿರ ಹತ್ತರಗಿಯ ಏಕಸ್ ಏರ್‌ಬಸ್, ಬೋಯಿಂಗ್ ಎರಡಕ್ಕೂ ಬಿಡಿಭಾಗ ಮಾಡುತ್ತೆ. ಪೀಣ್ಯದ ಡೈನಮ್ಯಾಟಿಕ್ ಕೂಡ ವಿಮಾನದ ಭಾಗಗಳನ್ನು ಹೊರದೇಶಕ್ಕೆ ಕಳಿಸುತ್ತೆ. 2024ರ ಜನವರಿಯಲ್ಲಿ ದೇವನಹಳ್ಳಿ ಹತ್ತಿರ ಬೋಯಿಂಗ್‌ನ 43 ಎಕರೆಯ ಇಂಜಿನಿಯರಿಂಗ್ ಕೇಂದ್ರ ಉದ್ಘಾಟನೆ ಆಯಿತು. ಅಲ್ಲಿ ಹೊಸದಾಗಿ ಬಂದ ಒಂದು ಆರ್ಡರ್ ಕೆಲವೊಮ್ಮೆ ಇಲ್ಲಿ ಕಳೆದುಹೋದ ಆರ್ಡರ್ ಆಗಿರಬಹುದು. ಎರಡೂ ಕಡೆಯ ಮಷೀನಿನ ಮುಂದೆ ನಿಂತವರ ಮುಖ ನೋಡಿದ ನಮಗೆ ಇದರಲ್ಲಿ ಬರೀ ಹೆಮ್ಮೆ ಪಡಲು ಆಗಲಿಲ್ಲ.

7. ಎಂಥ ಗಿರಾಕಿ ಬೇಡ?

ಹೊಸ ಗಿರಾಕಿ ಹುಡುಕುವ ಆತುರದಲ್ಲಿ ಕೆಟ್ಟ ಗಿರಾಕಿಯನ್ನು ತಲೆ ಮೇಲೆ ಕೂರಿಸಿಕೊಳ್ಳುವುದು ಉಂಟು. ಇಲ್ಲಿ ದೊಡ್ಡ ಕಂಪನಿಗಳು ಮಾಲು ತಲುಪಿದ 60, 90 ದಿನಕ್ಕೆ ದುಡ್ಡು ಕೊಡುವ ಷರತ್ತು ಹಾಕುವುದಿದೆ. ಅಷ್ಟು ದಿನ ಸಂಬಳ, ಮಾಲಿನ ದುಡ್ಡು ಶಾಪ್‌ನವರ ಕೈಯಿಂದಲೇ ಹೋಗುತ್ತೆ. ಎಷ್ಟೋ ಶಾಪ್‌ಗಳು ಕಷ್ಟಕ್ಕೆ ಸಿಕ್ಕುವುದು ಕೈಯಲ್ಲಿ ದುಡ್ಡಿಲ್ಲದೆ, ಕೆಲಸ ಇಲ್ಲದೆ ಅಲ್ಲ.

ನಮ್ಮ ದೇಶದಲ್ಲಿ ಇದಕ್ಕೊಂದು ಕಾನೂನಿನ ಆಸರೆ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು, ಸಣ್ಣ ಉದ್ಯಮಕ್ಕೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕು. ಆದಾಯ ತೆರಿಗೆಯಲ್ಲೂ ಈಗ, ಆ ಗಡುವು ದಾಟಿದರೆ, ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚನ್ನು ಕಳೆಯಲು ಬಿಡುತ್ತಾರೆ. ದೂರು ಕೊಟ್ಟರೆ ಮುಂದಿನ ಆರ್ಡರ್ ಸಿಗಲ್ಲ ಅನ್ನುವ ಭಯ ಇದ್ದೇ ಇದೆ. ಆದರೆ ಮೊದಲ ಆರ್ಡರ್ ಮಾತಾಡುವಾಗಲೇ "ನಮ್ಮದು ಉದ್ಯಮ್ ನೋಂದಣಿ ಇದೆ, 45 ದಿನ" ಅಂತ ಕೊಟೇಶನ್‌ನಲ್ಲಿ ಬರೆಯುವುದಕ್ಕೆ ಯಾವ ಭಯವೂ ಬೇಡ.

8. ಮತ್ತೆ ಪೀಣ್ಯಕ್ಕೆ

ಇಷ್ಟೆಲ್ಲ ತಿಳಿದುಕೊಂಡು ಒಂದು ಭಾನುವಾರ ಗೆಳೆಯನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ಮೊದಲು ಕೇಳಿದ್ದು ಮಷೀನ್ ಲಿಸ್ಟ್. ಯಾವ ಮಷೀನು, ಎಷ್ಟು ಉದ್ದ ದಪ್ಪದ ಪೀಸ್ ಹಿಡಿಯುತ್ತೆ, ಯಾವ ಯಾವ ಲೋಹ ಮಾಡಿ ಅಭ್ಯಾಸ ಇದೆ, ಎಷ್ಟು ಮೈಕ್ರಾನ್ ಧೈರ್ಯವಾಗಿ ಒಪ್ಪಿಕೊಳ್ಳಬಹುದು, ಅಳೆಯಲು ಏನೇನಿದೆ. ಹದಿನಾರು ವರ್ಷದಲ್ಲಿ ಅವರು ಇದನ್ನು ಒಂದು ಹಾಳೆಯಲ್ಲಿ ಬರೆದೇ ಇರಲಿಲ್ಲ. ಯಾರೂ ಕೇಳಿರಲಿಲ್ಲ.

ಬರೆಯುವಾಗ ಅವರೇ ಒಂದು ವಿಷಯ ಕಂಡುಕೊಂಡರು. ತೆಳ್ಳಗಿನ ಉದ್ದ ಶಾಫ್ಟನ್ನು ಬಾಗದ ಹಾಗೆ ತಿರುಗಿಸುವುದು ಅವರ ಕೈಗೆ ಪಳಗಿದ ಕೆಲಸ. "ಇದು ಎಲ್ಲರೂ ಮಾಡ್ತಾರೆ ಬಿಡ್ರಪ್ಪ" ಅಂದರು. "ಇಲ್ಲ ಅಪ್ಪ, ಎಲ್ಲರೂ ಮಾಡಲ್ಲ. ಅದನ್ನೇ ಮೊದಲ ಸಾಲಿನಲ್ಲಿ ಬರೀರಿ" ಅಂದ ಮಗ.

ಆಮೇಲೆ ಅಂಥ ಶಾಫ್ಟ್ ಬೇಕಾಗುವವರು ಯಾರು ಅಂತ ಪಟ್ಟಿ ಮಾಡಿದೆವು: ಪಂಪ್, ಪ್ಯಾಕಿಂಗ್ ಮಷೀನು, ಜವಳಿ ಯಂತ್ರ. ಇಪ್ಪತ್ತೆರಡು ಹೆಸರು ಸಿಕ್ಕವು. ಅವರು ಒಬ್ಬೊಬ್ಬರನ್ನೂ ಸ್ವತಃ ಹೋಗಿ ಕಂಡರು, ಒಂದು ಶಾಫ್ಟ್ ಕೈಯಲ್ಲಿ ಹಿಡಿದುಕೊಂಡು. ಮೂವರು ಡ್ರಾಯಿಂಗ್ ಕೊಟ್ಟರು. ಒಬ್ಬರು 25 ಪೀಸ್ ಟ್ರಯಲ್ ಆರ್ಡರ್ ಕೊಟ್ಟರು.

ಆ 25ರಲ್ಲಿ ಎರಡು ಪೀಸ್‌ನ ಕೀವೇ ಅಳತೆ ಸ್ವಲ್ಪ ಮೀರಿತ್ತು. ಸೇರಿಸಿ ಕಳಿಸಿದ್ದರೆ ಬಹುಶಃ ದಾಟಿಹೋಗುತ್ತಿತ್ತು. ಅವರು ಎರಡನ್ನೂ ಬೇರೆ ಕಟ್ಟಿ, ಮೇಲೆ ಕೆಂಪು ಚೀಟಿ ಅಂಟಿಸಿ, "ಇವು ರಿಜೆಕ್ಟ್, ಬೇರೆ ಎರಡು ಮಾಡಿ ಕೊಡ್ತೀವಿ" ಅಂತ ಚಲನ್‌ನಲ್ಲೇ ಬರೆದು ಕಳಿಸಿದರು. ನಾವು ಹೇಳಿಕೊಟ್ಟದ್ದಲ್ಲ ಅದು. ಮುಂದಿನ ತಿಂಗಳು ಅದೇ ಪಾರ್ಟಿಯಿಂದ 60 ಪೀಸ್ ಆರ್ಡರ್ ಬಂತು.

ಕಥೆ ಇನ್ನೂ ಮುಗಿದಿಲ್ಲ. ವಿಎಂಸಿ ಈಗಲೂ ಅರ್ಧ ದಿನ ನಿಂತಿರುತ್ತೆ, ಒಬ್ಬ ಆಪರೇಟರ್ ಬೇರೆ ಕಡೆ ಹೋದ. ಆದರೆ ವಾರಕ್ಕೆ ಇಬ್ಬರು ಹೊಸಬರನ್ನು ಕಾಣಲೇಬೇಕು ಅಂತ ಅವರು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಕೆಲಸ ತುಂಬಿದ ಮೇಲೂ ಇದನ್ನು ಬಿಡಬೇಡಿ ಅಂತ ನಾವು ಹೇಳಿದ್ದೇವೆ.

ನಿಮಗೊಂದು ಅಭ್ಯಾಸ

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇಂಥ ಶೆಡ್ ಇದ್ದರೆ ಈ ವಾರ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ.

1. ನಿಮ್ಮ ಅತಿ ದೊಡ್ಡ ಪಾರ್ಟಿಯ ಪಾಲು ನೂರಕ್ಕೆ ಎಷ್ಟು?
2. ಮಷೀನ್ ಲಿಸ್ಟ್ ಒಂದು ಹಾಳೆಯಲ್ಲಿ ಇದೆಯಾ?
3. ಬೇರೆಯವರು ಕಷ್ಟ ಅಂತ ಬಿಟ್ಟ ಯಾವ ಕೆಲಸವನ್ನು ನೀವು ಮಾಡಿಕೊಟ್ಟಿದ್ದೀರಿ?
4. ಆ ಕೆಲಸ ನೋಡಿದವರು ಈಗ ಎಲ್ಲಿದ್ದಾರೆ?

ನಾಲ್ಕನೇ ಪ್ರಶ್ನೆಗೆ ಉತ್ತರ ಹುಡುಕುವಾಗ ಅವರು ಹಳೇ ಫೋನ್ ಡೈರಿ ತೆಗೆಯುತ್ತಾರೆ. ಹೊಸ ಪಾರ್ಟಿ ಹುಡುಕುವ ಕೆಲಸ ಅಲ್ಲಿಂದಲೇ ಶುರು.